ಫ್ರಿಜ್ಜಿನ ಬೆನ್ನು

ಮೊದಲು ಹಾಲು ಹೇಳಿತು.
ಆಮೇಲೆ ಸೆಲ್ವಿಯ ಇಡ್ಲಿ ಹಿಟ್ಟು
ಮುಚ್ಚಳ ತಳ್ಳಿ ಎದ್ದು ನಿಂತು ಹೇಳಿತು.
ಗುಂಡಿಯನ್ನು ಮೂರರಿಂದ ಐದಕ್ಕೆ, ಐದರಿಂದ ಏಳಕ್ಕೆ ತಿರುಗಿಸಿದೆ.
ಏಳರಾಚೆ ಅದಕ್ಕೆ ಮಗ್ಗಿ ಬರುವುದಿಲ್ಲ.

ಸುಂಟಿಕೊಪ್ಪದಲ್ಲಿ ಜನವರಿ. ಬೆಳಗಿನ ಜಾವ
ಕಿಟಕಿಕಟ್ಟೆಯ ಮೇಲಿಟ್ಟ ನೀರಿಗೆ ಹಲ್ಲು ಜುಮ್ಮೆನ್ನುತ್ತದೆ,
ಫ್ರಿಜ್ಜಿನೊಳಗಿನದನ್ನು ಬಾಣಂತಿಗೆ ಕೊಡಬಹುದು.

ಕುಶಾಲನಗರದಿಂದ ಬಂದವನು ಬಾಗಿಲು ತೆಗೆಯಲಿಲ್ಲ,
ಹೆಲ್ಮೆಟ್ಟನ್ನೂ.
"ಎಷ್ಟು ವರ್ಷದ್ದು?"
ಚೀಟಿ ದುಡ್ಡು ಎತ್ತಿದ ವರ್ಷದ್ದು, ಇಪ್ಪತ್ತಾರಾಯಿತು ಅಂದೆ.
"ಹೊಸದು ತಗೊಳ್ಳಿ."
ಅಷ್ಟು ಹೇಳಿದ್ದಕ್ಕೆ ಇನ್ನೂರು.

ಸಂಜೆ ಓಣಿಗೆ ಓಣಿಯೇ ಬಂತು, ತಂತಮ್ಮದು ಒಯ್ಯಲು.
ಮೇಲಿನ ತಟ್ಟೆ ನಬೀಸಾಳದು, ಕೆಳಗಿನದು ರೈಟರ್ ಬಿದ್ದಪ್ಪನವರದು,
ನಡುವೆ ಕಾವಲಿಗೆ ನನ್ನ ಮೊಸರು,
ಹಾಗೇ ನಡೆದಿತ್ತು ಇಷ್ಟು ಕಾಲ.
ನಬೀಸಾ ತನ್ನ ಇನ್ಸುಲಿನ್ನನ್ನು ಒದ್ದೆ ಮರಳಿನ ಕುಡಿಕೆಯಲ್ಲಿ ಕೂರಿಸಿ
ನಿದ್ದೆ ಹತ್ತಿದ ಮಗುವಿನಂತೆ ಎತ್ತಿಕೊಂಡು ಹೋದಳು.
ಬಿದ್ದಪ್ಪನವರ ಹಂದಿಮಾಂಸ ಅವತ್ತೇ ಒಲೆ ಹತ್ತಿತು.
ಕಾಚಂಪುಳಿ ಬಾಟಲಿಯನ್ನು ಮಾತ್ರ ಯಾರೂ ಕೇಳಲಿಲ್ಲ.
ಅದಕ್ಕೆ ಫ್ರಿಜ್ಜೂ ಬೇಡ, ನಾವೂ ಬೇಡ.
ಮೂಲೆಯಲ್ಲಿ ಬಾಡಿದ ಒಂದು ಮೊಳ ಮಲ್ಲಿಗೆ,
ಯಾರು ಯಾರಿಗೆಂದು ಇಟ್ಟರೋ.

ನಾನು ಟೈಲರ್. ಏನು ಕೆಟ್ಟರೂ ಮೊದಲು ಅಂಚು ನೋಡುತ್ತೇನೆ.
ಬಾಗಿಲಿನ ರಬ್ಬರಿಗೆ ಹತ್ತರ ನೋಟು ಸಿಕ್ಕಿಸಿ ಎಳೆದೆ.
ಮೇಲೆ ಬಿಗಿ, ಪಕ್ಕ ಬಿಗಿ,
ಕೆಳಮೂಲೆಯಲ್ಲಿ ಎಳೆಯುವ ಮೊದಲೇ ಕೈಗೆ ಬಂತು.
ಇಷ್ಟು ಸುಲಭಕ್ಕೆ ದುಡ್ಡು ಬಂದದ್ದು ನೆನಪಿಲ್ಲ.
ಬಿಸಿನೀರಿನ ಬಟ್ಟೆ ಒತ್ತಿ, ವ್ಯಾಸಲೀನ್ ಸವರಿ
ಮೂಲೆಯನ್ನು ಒಪ್ಪಿಸಿದೆ.
ಹಾಲು ಒಪ್ಪಲಿಲ್ಲ.

ಸಿದ್ದಾಪುರದ ನೌಫಲ್ ಬಂದವನೇ ನೆಲಕ್ಕೆ ಮಲಗಿದ.
ಕಂಪ್ರೆಸರಿಗೆ ಕಿವಿ ಕೊಟ್ಟ. ಅಂಗೈ ಇಟ್ಟು ಥಟ್ಟನೆ ತೆಗೆದ.
"ಓಡ್ತಾನೇ ಇದೆ ಅಕ್ಕ. ನಿಲ್ಲೋದು ಮರೆತಿದೆ."
ಗೋಡೆಯಿಂದ ಎಳೆದು ಅದರ ಬೆನ್ನು ತಿರುಗಿಸಿದ.

ನೆರಿಗೆ ಹಿಂದಕ್ಕೆ ಉಡುವ ಹೆಂಗಸರ ನಾಡು,
ಎಷ್ಟು ಬೆನ್ನು ಅಳೆದಿಲ್ಲ ನಾನು!
ಮಿಷನ್ನಿನ ಪಕ್ಕದಲ್ಲೇ ನಿಂತಿದ್ದ ಇದರ ಬೆನ್ನನ್ನು
ಒಂದು ದಿನ ನೋಡಿರಲಿಲ್ಲ.
ಕರಿ ಕೊಳವೆಗಳ ಮೇಲೆ ಕಂಬಳಿ ಬೆಳೆದಿತ್ತು,
ನಾನು ಕತ್ತರಿಸಿದ ಬಟ್ಟೆಗಳ ಜುಂಗು, ನೂಲಿನ ಧೂಳು.
ನೌಫಲ್ ಬ್ರಷ್ಷಿನಲ್ಲಿ ಕೆರೆದ ಹಾಗೆ ಪದರ ಪದರ ಬಂತು:
ಕಾನ್ವೆಂಟಿನ ನೀಲಿ,
ಕುಪ್ಯದ ಕಪ್ಪು,
ಚೋಂದಮ್ಮನ ಮದುವೆ ರವಿಕೆಯ ಕೆಂಪು,
ಆ ರವಿಕೆಯನ್ನು ಎರಡು ಸಲ ಬಿಚ್ಚಿ ಹೊಲಿದಿದ್ದೆ,
ಮದುವೆ ಬಿಚ್ಚಿದ್ದು ಒಂದೇ ಸಲ.

"ಒಳಗಿನ ಬಿಸಿ ಹೊರಗೆ ಹೋಗ್ಬೇಕಲ್ಲ ಅಕ್ಕ,
ನೀವು ಸ್ವೆಟರ್ ಹಾಕಿ ಕೂರಿಸಿದ್ದೀರಿ."
ಮುನ್ನೂರು ತಗೊಂಡ. ಇನ್ನೆಷ್ಟು ವರ್ಷ ಎಂದರೆ
ಭುಜ ಕುಣಿಸಿದ.

ರಾತ್ರಿ ಒಂದೂವರೆಗೆ ಅದು ಟಕ್ಕೆಂದು ನಿಂತಿತು.
ಸದ್ದಿಲ್ಲದ್ದು ಕೇಳಿ ನನಗೆ ಎಚ್ಚರವಾಯಿತು.
ಬೆಳಗ್ಗೆ ಬೆಣ್ಣೆ ಚಾಕುವಿಗೆ ಎದುರು ಮಾತಾಡಿತು.
ನಬೀಸಾ ಕುಡಿಕೆಯೊಡನೆ ವಾಪಸು ಬಂದಳು.
ಕಂಬಳಿಯನ್ನು ಎಸೆಯಲಿಲ್ಲ,
ಪಿನ್ನು ಚುಚ್ಚುವ ದಿಂಬಿಗೆ ತುಂಬಿದೆ.

ಮೂರನೆಯ ದಿನ ನೌಫಲ್ ಆ ಕಡೆ ಹೋಗುವವನು ಒಳಗೆ ಇಣುಕಿದ.
ಜಾಕೆಟ್ಟಿನ ಜಿಪ್ಪು ಎದೆಯವರೆಗೆ ಬಂದು ನಿಂತಿತ್ತು,
ಅಲ್ಲಿಂದ ಮೇಲಕ್ಕೆ ಪಿನ್ನು.
"ಇದಕ್ಕೇನಾದ್ರೂ ಆಗುತ್ತಾ?"
ಹಲ್ಲು ಸವೆದಿದೆ, ಬಟ್ಟೆಯೂ ಜಾಳು,
ಹೊಸದು ತಗೋ
ಅನ್ನುವುದು ನಾಲಿಗೆಯ ತುದಿಗೆ ಬಂತು.
ಕೂತ್ಕೋ ಅಂದೆ,
ಮೇಣದಬತ್ತಿ ಹುಡುಕಿದೆ.