ನಡಾವಳಿ

ಡಾಕ್ಟರುಗಳ ಸಂಘದಲ್ಲಿ ನಡಾವಳಿ ಬರೆಯುವವಳು ನಾನು, ಹದಿನೇಳು ವರ್ಷದಿಂದ.
ಕಾಜೂಬಾಗದ ಈ ಹಾಲು, ಕಟಕಟ ಅನ್ನುವ ಮೂರನೇ ಫ್ಯಾನು,
ಚಹಾದ ಜೊತೆ ಖಾರಿ ಬಿಸ್ಕೀಟು.

ಇವತ್ತು ವಿಷಯ ನಂಬರ್ ನಾಲ್ಕು:
ಹುಟ್ಟಿದ ಲಿಂಗ ತಮ್ಮದಲ್ಲ ಎನ್ನುವ ಮಕ್ಕಳು, ಅವರ ಚಿಕಿತ್ಸೆ,
ಪುರಾವೆ ಸಾಕೋ ಸಾಲದೋ.
ರಾಜಧಾನಿಯಿಂದ ಎರಡು ಪಕ್ಷದವರ ಎರಡು ಕಾಗದ.
ಇಬ್ಬರಿಗೂ ಬೇಕಾದ್ದು ಒಂದೇ ಸಾಲು, ಸೋಮವಾರದೊಳಗೆ,
ಮೈಕಿನಲ್ಲಿ ಓದಲು ಬರುವಷ್ಟು ಗಿಡ್ಡ.

ಡಾ. ಕೊಠಾರಕರ್ ಕನ್ನಡಕ ಒರೆಸಿದರು:
"ರಾತ್ರಿಯಿಡೀ ಓದಿದೆ. ಸಣ್ಣ ಸಣ್ಣ ಅಧ್ಯಯನ,
ಅರ್ಧ ಜನ ನಡುವೆ ಬಿಟ್ಟುಹೋದವರು.
ಭಾರ ಹಾಕಿ ನೋಡದ ಸೇತುವೆ ಮೇಲೆ ಮಕ್ಕಳನ್ನು ಹೇಗೆ ಕಳಿಸಲಿ?"
ಎಲ್ಲರೂ ಕಿಟಕಿಯತ್ತ. ಇಲ್ಲಿಂದ ಕಾಳಿ ಕಾಣುವುದಿಲ್ಲ,
ಆದರೂ ಹಳೆಯದು ಕುಸಿದ ರಾತ್ರಿಯಿಂದ
ಸೇತುವೆ ಅಂದರೆ ಸಾಕು, ನಮ್ಮ ಕತ್ತು ಕೋಡಿಬಾಗದ ಕಡೆ.

ಡಾ. ಫಿಲೋಮಿನಾ ಕೂತಲ್ಲಿಂದಲೇ:
"ಸೇತುವೆ ಇಲ್ಲ ಅಂದ್ರೆ ದಂಡೆ ಮೇಲೆ ಕೂತಿರ್ತಾರೆ ಅಂದ್ಕೊಂಡ್ರಾ?
ಈಜ್ತಾರೆ, ಡಾಕ್ಟ್ರೇ. ಭರತ ಇಳಿತ ನೋಡದೆ ಈಜ್ತಾರೆ.
ಆ ಲೆಕ್ಕ ನಿಮ್ಮ ಕಾಗದದಲ್ಲಿ ಇದೆಯಾ?"
"ಇಲ್ಲ," ಅಂದರು ಅವರು. ಆಮೇಲೆ, ಮೆಲ್ಲಗೆ, "ಅದೂ ಇಲ್ಲ."

ಬರೆದುಕೊಂಡೆ.

ಹಿಂದಿನ ಬೆಂಚಿನಲ್ಲಿ ಬೈತಖೋಲದ ಒಬ್ಬ ತಾಯಿ,
ಮಡಿಲಲ್ಲಿ ಜವಳಿ ಅಂಗಡಿಯ ಚೀಲ, ಚೀಲದಲ್ಲಿ ಫೈಲು.
ಪಕ್ಕದಲ್ಲಿ ಹದಿನಾಲ್ಕರ ಜೀವ. ಹಾಜರಿ ಪುಸ್ತಕದಲ್ಲಿ
ಒಂದೇ ಅಕ್ಷರ, ಒಂದು ಚುಕ್ಕಿ: ಸ. ತಾಂಡೇಲ್.
ಅಧ್ಯಕ್ಷರು ಎರಡು ನಿಮಿಷ ಕೊಟ್ಟರು. ಅರ್ಧವೂ ಬೇಕಾಗಲಿಲ್ಲ.
"ಗೊತ್ತಿಲ್ಲ ಅಂತಾದ್ರೂ ನನ್ನ ಹತ್ರ ಹೇಳಿ.
ಪೇಪರಿನವರ ಹತ್ರ ಬೇಡ."

ನನ್ನ ಪೆನ್ನು ಅಲ್ಲೇ ನಿಂತಿತು. ಸ. ತಾಂಡೇಲ್ ಮಾತನಾಡಿದ...
ನು? ಳು?
ಕನ್ನಡ ಕ್ರಿಯಾಪದದ ಬಾಲದಲ್ಲೇ ಕಾದಿರುತ್ತದೆ ವಿಚಾರಣೆ.
ಮನೆಮಾತು ಕೊಂಕಣಿಯಲ್ಲಿ ಎಳೆ ಹುಡುಗಿಗೆ 'ತೆಂ' ಅನ್ನುತ್ತೇವೆ,
ಅಂದರೆ 'ಅದು', ಪೂರ್ತಿ ಅಕ್ಕರೆಯಿಂದ.
ನಾನೂ ಬಹಳ ವರ್ಷ 'ಅದು' ಆಗಿದ್ದೆ,
ಯಾರೂ ಪುರಾವೆ ಕೇಳಿರಲಿಲ್ಲ.

ಕೊನೆಗೆ ಡಾಕ್ಟರುಗಳಿಗೆ ಹಚ್ಚುವ ಬಹುವಚನವನ್ನೇ ಹಚ್ಚಿದೆ:
ಮಾತನಾಡಿದರು.

ನಿರ್ಣಯ ಮುಂದೂಡಿದ್ದಾಯಿತು. ಎರಡೂ ಕಡೆಯವರ ಫೋನು, ಎರಡೂ ಕಡೆಯವರ ಸಿಟ್ಟು,
ಅವನ್ನೂ ಕಿವಿಯಿಂದ ದೂರ ಹಿಡಿದು ಕೇಳಿದೆ.
ಬೀಗ ಹಾಕಿ ಕೆಳಗಿಳಿದರೆ ಕರೆಂಟಿಲ್ಲ.
ಸ್ಕೂಟರಿನ ಸೀಟಿನ ಮೇಲೆ ಆ ಫೈಲು ಬಿಚ್ಚಿದೆ,
ಡಾ. ಫಿಲೋಮಿನಾ ಮೊಬೈಲ್ ಬೆಳಕು ಹಿಡಿದಿದ್ದಾರೆ,
ಡಾ. ಕೊಠಾರಕರ್ ಬಗ್ಗಿ ಓದುತ್ತಿದ್ದಾರೆ.
ಒಂದೇ ಪುಟ. ತಿರುವುತ್ತಲೇ ಇಲ್ಲ.
ಮಗು ಹಾರ್ನಿನ ಗುಂಡಿ ಸುಮ್ಮನೆ ಸವರುತ್ತಿದೆ,
ಒತ್ತದೆ.