ಅಂಕಣ ತುಂಬಿದೆ

ಸಾವಿರದ ಇಪ್ಪತ್ತನಾಲ್ಕು ಅಂಕಣ. ಅಲ್ಲಿಗೆ ಸರಿ.
ಇನ್ನೊಂದನ್ನು ಸೇರಿಸಹೋದರೆ ಪರದೆ ಕೆಂಪಾಗುತ್ತದೆ,
ಮುನಿಸಿಕೊಂಡ ಬೀಗರ ಹಾಗೆ ಯಂತ್ರ ಹೊಸ್ತಿಲಲ್ಲೇ ನಿಂತು
ಒಳಗೂ ಬಾರದು, ಹೊರಗೂ ಹೋಗದು.

ಇಷ್ಟಕ್ಕೂ ಹೊಸ ಎಂ.ಡಿ. ಕೇಳಿದ್ದು ಒಂದೇ ಒಂದು:
ಪ್ರತಿ ಗಾಡಿಗೂ ಅದರ ಫೋಟೋದ ಸಂಖ್ಯೆ.

ಹೊರಗೆ ತೂಕದ ಸೇತುವೆ ಮೇಲೆ ಜಬೀವುಲ್ಲಾನ ಟ್ರ್ಯಾಕ್ಟರ್,
ಅದರ ಹಿಂದೆ ಇನ್ನೊಂದು, ಅದರ ಹಿಂದೆ ಎತ್ತಿನ ಗಾಡಿಗಳು,
ಸಾಲು ಟೀ ಅಂಗಡಿ ದಾಟಿ ನಾಲೆಯ ಏರಿಯತನಕ.
ಕಡಿದ ಕಬ್ಬು ಸುಮ್ಮನೆ ಕಾಯುವುದಿಲ್ಲ,
ಗಂಟೆಗಿಷ್ಟು ತೂಕವನ್ನು ಗಾಳಿಗೆ ಕೊಟ್ಟುಕೊಂಡೇ ಇರುತ್ತದೆ.
ಚಿಕ್ಕೈದ ಕಿಟಕಿಯಿಂದ ಕೂಗುತ್ತಾನೆ:
"ಅಕ್ಕೋ, ಚೀಟಿ ಬತ್ತಾ ಇಲ್ಲ ಕಣಕ್ಕೋ!"

ರಾತ್ರಿ ಒಂಬತ್ತೂವರೆ. ಕಾಕಂಬಿಯ ವಾಸನೆ ಕೀಲಿಮಣೆಗೂ ಅಂಟಿದೆ.
ಕೋಷ್ಟಕ ತೆರೆದು ಎಡದಿಂದ ಬಲಕ್ಕೆ ನಡೆಯುತ್ತೇನೆ.
ಹೆಸರು, ಊರು, ಸರ್ವೆ ನಂಬರು,
ತಳಿ ಕೋ ೬೨೧೭೫, ನಾಟಿಯೋ ಕೂಳೆಯೋ,
ಇಲ್ಲಿಯತನಕ ಅರ್ಥವಿದೆ.
ಆಮೇಲೆ ಚಕ್ರ ಮರದ್ದೋ ರಬ್ಬರಿನದ್ದೋ,
ಎತ್ತಿನ ಕೊಂಬಿಗೆ ಬಣ್ಣ ಬಳಿದಿತ್ತೋ
(ಯಾರಿಗೆ ಬೇಕಿತ್ತಪ್ಪ?)
ಷರಾ, ಷರಾ_೨, ಷರಾ_ಹೊಸದು, ಷರಾ_ಅಂತಿಮ,
ಷರಾ_ನಿಜವಾಗಿ_ಅಂತಿಮ.
ಬಂದ ಒಬ್ಬೊಬ್ಬ ಸಾಹೇಬನೂ ತನ್ನ ಗುರುತಿಗೆ
ಒಂದು ಕಂಬ ನೆಟ್ಟು ವರ್ಗವಾಗಿ ಹೋಗಿದ್ದಾನೆ.

ನಮ್ಮ ಕಡೆ ಮನೆಯನ್ನೂ ಅಂಕಣದಲ್ಲೇ ಅಳೆಯುತ್ತಾರೆ,
ಕಂಬದಿಂದ ಕಂಬಕ್ಕೆ ಒಂದು.
ತೊಲೆ ಹೊರುವಷ್ಟು ಮಾತ್ರ.
ಆಚೆಗೆ ಆಸೆಪಟ್ಟರೆ ಸೂರು ತಲೆ ಮೇಲೆ.

ಏಳುನೂರ ಹದಿನಾರನೆಯದು: ಷರಾ_೩೧.
ಇಪ್ಪತ್ತು ವರ್ಷದ ಲಕ್ಷಾಂತರ ಸಾಲಿನಲ್ಲಿ
ತುಂಬಿದ್ದು ಒಂದೇ ಮನೆ:
"ಹೆಂಡತಿಗೆ ಹೆರಿಗೆ ನೋವು. ಸಾಲು ತಪ್ಪಿಸಿ ಮೊದಲು ಬಿಟ್ಟೆ. ಮಂ."

ಅಳಿಸುವ ಗುಂಡಿಯ ಮೇಲೆ ಬೆರಳು ಇತ್ತು. ತೆಗೆದೆ.
ಗುತ್ತಲಿಗೆ ಫೋನು ಮಾಡಿದೆ, ಮಂಟಯ್ಯನವರಿಗೆ.
ಹಿಂದೆ ಟಿ.ವಿ., ಯಾವುದೋ ಮಗು, ಕುಕ್ಕರಿನ ಸೀಟಿ.

"ಲೆಡ್ಜರಲ್ಲಿ ಮನೆ ತುಂಬೋದ್ರೆ ಏನ್ ಮಾಡ್ತಿದ್ದೊ?
ಪುಸ್ತಕವ ಎಳ್ದು ಅಗಲ ಮಾಡ್ತಿದ್ದಾ?
ಇನ್ನೊಂದ್ ಪುಸ್ತಕ ತಗಿ ಕಣವ್ವ.
ಅದೇ ಗಾಡಿ ನಂಬರ ತಲೆ ಮೇಲೆ ಬರ್ಕೊ.
ಷರಾ ಇದ್ದೋರ್ಗೆ ಮಾತ್ರ ಒಂದ್ ಸಾಲು.
ಇಲ್ದೋರ್ಗೆಲ್ಲ ಖಾಲಿ ಮನೆ ಕಟ್ಟಿ ಯಾರ್ನ ಕೂರುಸ್ತೀಯೆ?"

ಪುಣೆಯ ಕಂಪನಿ ಇದೇ ಮಾತಿಗೆ
ಆರು ಲಕ್ಷದ ಅಂದಾಜುಪಟ್ಟಿ ಕಳಿಸಿತ್ತು.

ಕೇಳಿದೆ: ಆ ಹೆರಿಗೆ ಏನಾಯಿತು? ಯಾರ ಗಾಡಿ ಅದು?
ನಂಬರು ಓದಿ ಹೇಳಿದೆ. ಸ್ವಲ್ಪ ಹೊತ್ತು ಟಿ.ವಿ. ಒಂದೇ ಮಾತಾಡಿತು.
"ಗೊತ್ತಿಲ್ಲ ಕಣವ್ವ. ಹಿಂದೆ ನಿಂತಿದ್ದೋರೆಲ್ಲ
ನನ್ ಮೊಕಕ್ಕೆ ಉಗುದ್ರು. ಅದ್ ಮಾತ್ರ ಗ್ಯಾನದಲ್ಲದೆ."

ಮುನ್ನೂರ ಹನ್ನೊಂದು ಷರಾ.
ಮೊದಲು ಒಂದು ಪ್ರತಿ ತೆಗೆದಿಟ್ಟು,
ಒಂದೊಂದನ್ನೇ ಕಿತ್ತು ಹೊಸ ಕೋಷ್ಟಕದಲ್ಲಿ
ಸಾಲುಸಾಲಾಗಿ ನಾಟಿ ಹಾಕಿದೆ.
ಸಾಲುಗಳಿಗೆ ಯಾರೂ ಲೆಕ್ಕ ಕಟ್ಟಿಲ್ಲ,
ಕೆಳಕ್ಕೆ ಎಷ್ಟು ಬೇಕಾದರೂ ಇಳಿಯಬಹುದು.
ನಡುವೆ ಒಮ್ಮೆ ಕರೆಂಟು ಹೋಯಿತು,
ಯು.ಪಿ.ಎಸ್. ಕೀರಲು ದನಿಯಲ್ಲಿ ಶಾಪ ಹಾಕಿತು,
ಚಿಕ್ಕೈದ ತಂದ ಟೀ ಕೆನೆಗಟ್ಟಿ ಹಾಗೇ ಉಳಿಯಿತು.

ಒಂದು ಹತ್ತಕ್ಕೆ ಮುದ್ರಕ ಕೆಮ್ಮಿತು.
ಜಬೀವುಲ್ಲಾ ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದ,
ಏನೂ ಅನ್ನದೆ ಗೇರು ಬದಲಿಸಿದ.
ಸಾಲು ಒಂದು ಗಾಡಿಯಷ್ಟು ಮುಂದೆ ಸರಿಯಿತು,
ಕೊನೆಯಲ್ಲೆಲ್ಲೋ ಮಲಗಿದ್ದ ಎತ್ತಿನ ಗಂಟೆಯ ಸದ್ದು.

ಷರಾ_೩೧ ಈಗ ಹೊಸ ಪುಸ್ತಕದ ಮೊದಲ ಸಾಲು.
ನಿಯಮ ಪ್ರಕಾರ ಅದು ಅಲ್ಲಿ ಬರಬಾರದು.
ಇರಲಿ.

ಚಿಕ್ಕೈದನನ್ನು ಹತ್ತಿರ ಕರೆದು ಹೇಳಿದೆ:
ಜಾಗ ಖಾಲಿಯಾಗಿದೆ ಅಂತ
ಎಂ.ಡಿ. ಹತ್ತಿರ ಮಾತ್ರ ಬಾಯಿ ಬಿಡಬೇಡ.