ಕೊಸರಿನ ಖಾನೆ

ಓದು ಬಂದವಳೆಂದು ನನ್ನನ್ನೇ ಮುಂದೆ ತಳ್ಳಿದರು.
ಹಿಂದೊಮ್ಮೆ ನರೀನ್‌ನ ಶಾಲೆಯಲ್ಲಿ ಬೀಜಗಣಿತ ಹೇಳಿದವಳು,
ಇಪ್ಪತ್ತಾರು ವರ್ಷದಿಂದ ದೊರ್ದೊಯ್ ಬಜಾರಿನ ಕಬ್ಬಿಣದ ಕಂಟೇನರಿನಲ್ಲಿ
ಕಾಲುಚೀಲ, ಉಣ್ಣೆಯ ಚಪ್ಪಲಿ.
ಕೆಳಗಿನ ಡಬ್ಬಿ ಅಂಗಡಿ, ಮೇಲಿನ ಡಬ್ಬಿ ಉಗ್ರಾಣ,
ನಮ್ಮ ಸಾಲಿಗೆ ನಲವತ್ತೊಂದು ಬಾಗಿಲು.
ಗಿರಾಕಿಗಳೆಲ್ಲ ಫೋನಿನೊಳಗೆ ಹೋದರು, ನಾವೂ ಹೋಗೋಣ,
ಒಂದೇ ಮಾಲು, ಒಂದೇ ಬುಟ್ಟಿ, ನಲವತ್ತೊಂದು ಗಲ್ಲಾ,
ಅಂಥ ಸಾಫ್ಟ್‌ವೇರ್ ಒಂದನ್ನು ಆರಿಸಿ ತಾ ಬುರುಲ್‌ಕಾನ್ ಎಂದರು,
ಕಲ್ಲಂಗಡಿ ತಟ್ಟಿ ನೋಡಿ ತಾ ಎಂದಂತೆ.

ಮೈನಸ್ ಹದಿನೆಂಟು. ರಟ್ಟಿನ ಮೇಲೆ ನಿಂತು ಕಾಲು ಕುಟ್ಟುತ್ತ
ಮೊದಲನೆಯವನ ಪರದೆ ನೋಡಿದೆವು.
ಅಲ್ಮಾಟಿಯವನು, ಕೈಗವಸು ತೆಗೆಯಲೇ ಇಲ್ಲ.
ತಿಂಗಳಿಗಿಷ್ಟು ಬಾಡಿಗೆ, ಮಾರಿದ್ದಕ್ಕೆ ಶೇಕಡಾ ಎಂಟು ಕಡಿತ,
ದುಡ್ಡು ಹದಿನಾಲ್ಕು ದಿನ ಅವರಲ್ಲಿ ಮಲಗೆದ್ದು ಆಮೇಲೆ ನಮ್ಮಲ್ಲಿಗೆ.
ಮಲಗಿದ್ದಾಗ ಮರಿ ಹಾಕಿದರೆ ಮರಿ ಯಾರದು?
ಕೇಳಿದಳು ಗುಂಡಿ ಮಾರುವ ಜುಮಾಗುಲ್.
ಅವನು ಮುಂದಿನ ಪುಟಕ್ಕೆ ಹೋದ.

ಎರಡನೆಯದು ಚಂದವಿತ್ತು, ಸುಳ್ಳು ಹೇಳಲಾರೆ.
ಪ್ರತಿ ಅಂಗಡಿಗೂ ಸ್ವಂತ ಬೋರ್ಡು, ಸ್ವಂತ ಲೆಕ್ಕ, ಸ್ವಂತ ನಕ್ಷತ್ರ.
ಹಳೆಯ ಚಾಳಿ, ನಾನೊಂದು ಲೆಕ್ಕ ಕೊಟ್ಟೆ:
ಒಬ್ಬಳು ಮೂರು ಅಂಗಡಿಯಿಂದ ಮೂರು ಸಾಮಾನು ಕೊಳ್ಳುತ್ತಾಳೆ,
ಓಶ್‌ಗೆ ಒಂದೇ ಪೊಟ್ಟಣ, ಸಾಗಣೆ ಇನ್ನೂರೈವತ್ತು ಸೋಮ್,
ಒಂದು ಬಿಗಿಯಾಯಿತೆಂದು ವಾಪಸು ಕಳಿಸುತ್ತಾಳೆ.
ಇನ್ನೂರೈವತ್ತು ಹೇಗೆ ಒಡೆಯುತ್ತದೆ?
ಬಂದಿದ್ದ ಹುಡುಗಿ ಒಡೆದು ತೋರಿಸಿದಳು.
ಐದಕ್ಕೆ ಐದು ಹಾಕಲು ಕೈ ಕೆಂಪು ಪೆನ್ನು ಹುಡುಕಿತು.

ಆಗ ಎದುರು ಬಾಗಿಲ ದುಂಗಾನ್ ಮುದುಕ ಖಾರ್ಕಿ:
ನನ್ನಲ್ಲಿ ಮೂವತ್ತೆಂಟರ ಬೂಟು ಇಲ್ಲದಿದ್ದರೆ
ಕೂತಿರಮ್ಮಾ, ಚಹಾ ಕುಡೀರಿ ಎಂದು
ಸಂದಿಯಲ್ಲಿ ಓಡಿ, ಸಾಬಿರಾಳ ಅಂಗಡಿಯದನ್ನು ತಂದು
ನನ್ನದೇ ಎಂದು ಮಾರಿ, ಸಂಜೆ
ಅವಳ ದುಡ್ಡು ಅವಳಿಗೆ ಎಣಿಸುತ್ತೇನಲ್ಲ,
ಆ ಓಟ ಇದರಲ್ಲಿ ಎಲ್ಲಿದೆ?

ಇಲ್ಲ, ಒಬ್ಬರ ದಾಸ್ತಾನು ಇನ್ನೊಬ್ಬರಿಗೆ ಕಾಣುವುದಿಲ್ಲ,
ನಿಮ್ಮ ಭದ್ರತೆಗಾಗಿಯೇ, ಎಂದಳು ಹುಡುಗಿ.
ಚೌಕಾಸಿ? ಬೆಲೆಗೆ ಒಂದೇ ಚೌಕ.
ಕೊಸರು?
ಹಾಗೆಂದರೆ?
ಆರು ಜೊತೆ ಕೊಂಡವಳ ಚೀಲಕ್ಕೆ
ಮಗುವಿಗಿರಲಿ ಎಂದು ಕೊನೇ ಗಳಿಗೆಯಲ್ಲಿ ಇನ್ನೊಂದು ತುರುಕುವುದು.
ರಿಯಾಯಿತಿ, ಎಂದು ಬರೆದುಕೊಂಡಳು.
ಅಲ್ಲ ತಾಯಿ, ರಿಯಾಯಿತಿ ಬೋರ್ಡಿನಲ್ಲಿರುತ್ತದೆ,
ಕೊಸರು ಕೈಯಲ್ಲಿ.

ಮೂರನೆಯದನ್ನು ತಂದವನು ಜುಮಾಗುಲ್‌ಳ ಅಣ್ಣನ ಮಗ ಬೆಕ್ತೂರ್,
ಚಳಿಗೆ ಬ್ಯಾಟರಿ ಸಾಯುತ್ತದೆಂದು
ಲ್ಯಾಪ್‌ಟಾಪನ್ನು ಕೋಟಿನೊಳಗೆ ಕೋಳಿಯಂತೆ ಅವುಚಿಕೊಂಡು.
ಕೋಡು ಪುಕ್ಕಟೆ. ಸರ್ವರಿನ ಬಾಡಿಗೆ ನಮ್ಮದು, ಕೆಟ್ಟರೆ ರಿಪೇರಿ ನಮ್ಮದು,
ಬೈಯೋಣವೆಂದರೆ ಕಂಪನಿಯೇ ಇಲ್ಲ.
ಬೈಯಲು ನೀನಿದ್ದೀಯಲ್ಲ, ಎಂದಳು ಅತ್ತೆ.
ಮಾರುವವರಿಗಷ್ಟೇ ಕಾಣುವ ಗುಂಡಿಯೊಂದನ್ನು ಕೂರಿಸಲು
ಎರಡು ತಿಂಗಳು ಕೇಳಿದ. ಗುಂಡಿಯ ಹೆಸರು: ಓಡಿ ತರುತ್ತೇನೆ.
ಕೊಸರು ಆಗಲಿಕ್ಕಿಲ್ಲ ಅತ್ತೆ. ಒಂದು ಖಾಲಿ ಖಾನೆ ಬಿಡುತ್ತೇನೆ,
ಅದಕ್ಕೆ ಬೆಲೆ ಹಾಕಲು ಯಾರಿಗೂ ಬರದ ಹಾಗೆ.

ಎರಡು ತಿಂಗಳು ನಾಲ್ಕಾಯಿತು. ಮಧ್ಯೆ ಇಬ್ಬರು ಸಾಲು ಬಿಟ್ಟು
ಅಲ್ಮಾಟಿಯವನ ಹತ್ತಿರ ಹೋದರು. ತಪ್ಪೆನ್ನಲಾರೆ.
ಪರೀಕ್ಷೆಗೆಂದು ಏರಿಸಿದ್ದು ಒಂದೇ ಸಾಮಾನು:
ಕಪ್ಪು ಗುಂಡಿ, ನಾಲ್ಕು ತೂತು, ಒಂದು ಸೋಮ್.
ಎದುರು ಬಾಗಿಲಲ್ಲೇ ಕೂತು ಖಾರ್ಕಿ ಕನ್ನಡಕ ಮೇಲೆತ್ತಿ ಒತ್ತಿದ.
ಜುಮಾಗುಲ್‌ಳ ಫೋನು ಟಿಂಗೆಂದಿತು.

ಬೋಣಿ!
ದಿನದ ಮೊದಲ ನೋಟನ್ನು ಸಾಮಾನಿನ ಮೇಲೆಲ್ಲ ಸವರಬೇಕು, ಅದು ಪದ್ಧತಿ.
ನೋಟೆಲ್ಲಿ? ತಬ್ಬಿಬ್ಬಾಗಿ ನಿಂತವಳು
ಫೋನನ್ನೇ ಗುಂಡಿ ಡಬ್ಬಿಗಳ ಮೇಲೆ ಸವರಿದಳು,
ಆಮೇಲೆ ನನ್ನ ಕಾಲುಚೀಲಗಳ ಮೇಲೆ,
ಆಮೇಲೆ ಅದು ಕೈಯಿಂದ ಕೈಗೆ ಸಾಲಿನುದ್ದ ಹೋಯಿತು,
ಮೂವತ್ತೊಂಬತ್ತನೆಯ ಬಾಗಿಲು ಮುಟ್ಟುವಾಗ ಚಾರ್ಜು ಮುಗಿದಿತ್ತು.

ಬೆಕ್ತೂರ್ ಶೇಕಡಾ ಎಂಟನ್ನು ತೆಗೆಯಲು ಮರೆತಿದ್ದ.
ಒಂದು ಸೋಮಿಗೆ ಎಂಟು ತಿಯಿನ್ ಕಡಿತ.
ಅದು ಯಾವ ಗಲ್ಲಾಕ್ಕೆ ಸೇರಬೇಕೆಂದು
ಕತ್ತಲಾಗುವವರೆಗೆ ಜಗಳ.